ಎರಡು ಖಾಲಿ ದಿನ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಹಿಮಾಲಯಕ್ಕೆ ಚಾರಣ ಹೋಗಬೇಕು ಅಂತ ನಮ್ಮ ಕಡೆಯವರು ಯಾರೇ ಫೋನ್ ಮಾಡಿದರೂ ಮೊದಲ ಪ್ರಶ್ನೆ ಒಂದೇ. "ಸಾರ್, ಎಷ್ಟಾಗುತ್ತೆ?" ನಾನು ತಿರುಗಿ ಕೇಳುತ್ತೇನೆ, "ಎಷ್ಟು ದಿನ ಇದೆ ನಿಮ್ಮ ಹತ್ರ?" ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ದಿನದ್ದು ಹೆಂಗೋ ಹೊಂದಿಸ್ಕೊಳ್ತೀವಿ ಸಾರ್, ನೀವು ದುಡ್ಡಿಂದು ಹೇಳಿ."

ದಿನದ್ದು ಹೆಂಗೋ ಹೊಂದಿಸೋಕೆ ಆಗಲ್ಲ. ದುಡ್ಡು ಬೇಕಾದರೆ ಹೊಂದಿಸಬಹುದು. ಸೊಸೈಟಿಯಲ್ಲಿ ಸಾಲ ಸಿಗುತ್ತೆ, ಗೆಳೆಯರು ಕೊಡುತ್ತಾರೆ. ಬೆಟ್ಟದ ಮೇಲೆ ಒಂದು ದಿನ ಕಡಿಮೆ ಬಿದ್ದರೆ ಯಾರು ಸಾಲ ಕೊಡುತ್ತಾರೆ? ಹಾಗಾಗಿ ಈ ಹೊತ್ತು ನಾನು ಹೇಳುವುದು ಇಷ್ಟೇ. ಮೊದಲು ದಿನದ ಬಜೆಟ್ ಹಾಕಿ, ಆಮೇಲೆ ದುಡ್ಡಿನದು. ದಿನದ ಬಜೆಟ್‌ನಲ್ಲಿ ಎರಡು ಖಾಲಿ ದಿನ ಇಡಿ. ಒಂದು ನಿಮ್ಮ ಮೈಗೆ, ಇನ್ನೊಂದು ಅಲ್ಲಿಯ ಹವೆಗೆ. ಬೇರೆ ಏನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ.

ನಮ್ಮ ಮಲೆನಾಡಿನವರಿಗೆ ಒಂದು ಧೈರ್ಯ ಇದೆ. "ಕೊಡಚಾದ್ರಿ ಹತ್ತಿದವರಿಗೆ ಇದೆಲ್ಲ ಯಾವ ಲೆಕ್ಕ?" ಅಂತ. ಧೈರ್ಯ ಒಳ್ಳೆಯದೇ. ಆದರೆ ಕೊಡಚಾದ್ರಿ 1,343 ಮೀಟರ್. ಉತ್ತರಾಖಂಡದ ಕೇದಾರಕಂಠಕ್ಕೆ ನಡೆಯೋದು ಶುರು ಮಾಡುವ ಸಾಂಕ್ರಿ ಅನ್ನುವ ಹಳ್ಳಿಯೇ 1,900 ಮೀಟರಿಗಿಂತ ಮೇಲಿದೆ. ಅಂದರೆ ನಮ್ಮ ಇಡೀ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿಯ ನೆತ್ತಿ ಏನಿದೆ, ಅಲ್ಲಿ ಅವರು ಜೀಪು ನಿಲ್ಲಿಸುತ್ತಾರೆ. ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಅದು ಸುಲಭದ ಚಾರಣ ಅಂತ ಹೆಸರಾದದ್ದು. ಹಿಮಾಚಲದ ಹಂಪ್ಟಾ ಪಾಸ್, ಸರ್ ಪಾಸ್, ಪಾಸ್ ಅಂದರೆ ಬೆಟ್ಟ ದಾಟುವ ದಾರಿ, ಎರಡೂ 4,200 ಮೀಟರ್ ದಾಟುತ್ತವೆ.

ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತೆ. 3,500 ಮೀಟರಿನಲ್ಲಿ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು. 5,500 ಮೀಟರಿನಲ್ಲಿ ಅರ್ಧ. ಆಮ್ಲಜನಕವೂ ಅಷ್ಟೇ ಪಾಲು ಸಿಗುತ್ತೆ ಅಂತ ಇಟ್ಟುಕೊಳ್ಳಿ. ಮೈ ಇದಕ್ಕೆ ಒಗ್ಗಿಕೊಳ್ಳುತ್ತೆ, ಖಂಡಿತ ಒಗ್ಗಿಕೊಳ್ಳುತ್ತೆ, ಆದರೆ ಅದಕ್ಕೆ ದಿನ ಬೇಕು. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಮೇಲಕ್ಕೆ ಹೋಗದೆ ಅಲ್ಲೇ ಇರಬೇಕು. ಪ್ರಪಂಚದ ಎಲ್ಲ ಕಡೆ ಬೆಟ್ಟದ ಡಾಕ್ಟರುಗಳು ಹೇಳುವುದು ಹೆಚ್ಚುಕಡಿಮೆ ಇದನ್ನೇ.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ತೀರ್ಥಹಳ್ಳಿ ಕಡೆಯ ಇಬ್ಬರು, ಭಾವ ಮತ್ತು ಭಾವಮೈದ. ಭಾವ ಅಡಿಕೆ ತೋಟದವರು. ಎತ್ತರದ ಆಳು, ಬೆಳಗಿಂದ ಸಂಜೆತನಕ ತೋಟ ಸುತ್ತುವವರು, ಕುಂದಾದ್ರಿಯನ್ನು ಚಪ್ಪಲಿಯಲ್ಲೇ ಹತ್ತಿ ಇಳಿಯುವವರು. ಭಾವಮೈದ ಹೈಸ್ಕೂಲ್ ಮೇಷ್ಟ್ರು. ಕಡ್ಡಿ ಹಾಗಿದ್ದಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಾರೆ. ಇಬ್ಬರೂ ಲಡಾಖಿನ ಮಾರ್ಖಾ ಕಣಿವೆಯ ಚಾರಣಕ್ಕೆ ಹೊರಟರು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಚೆಂದವಾಗಿ ಪ್ಲಾನ್ ಬರೆದಿದ್ದರು. ದೆಹಲಿಯಿಂದ ಲೇಹ್‌ಗೆ ವಿಮಾನ. ಆಮೇಲೆ ಮೂರು ಸಾಲು ಬರೀ ಒಂದೇ ಮಾತು: "ಲೇಹ್, ಸುಮ್ನೆ ಇರೋದು. ಲೇಹ್, ಸುಮ್ನೆ ಇರೋದು. ಲೇಹ್, ಸ್ವಲ್ಪ ಓಡಾಟ."

ಭಾವ ಆ ನೋಟ್‌ಬುಕ್ ಕೈಗೆ ತಗೊಂಡರು. "ಎಂತ ಮಾರಾಯ ಇದು? ಸುಮ್ನೆ ಇರೋಕೆ ಅಷ್ಟು ದೂರ ಹೋಗ್ಬೇಕಾ? ಸುಮ್ನೆ ಇರೋದಾದ್ರೆ ನಮ್ಮನೆ ಜಗುಲಿ ಇಲ್ವಾ?" ಅಂತ ಕೇಳಿ, ಎರಡು ಸಾಲಿನ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆದರು. ಎರಡು ರಾತ್ರಿಯ ರೂಮು ಉಳಿಯಿತು, ಊಟ ಉಳಿಯಿತು. ಜೊತೆಗೆ ವಾಪಸ್ ಬರುವ ವಿಮಾನಕ್ಕೆ ಎರಡು ದಿನ ಮುಂಚಿನ ಟಿಕೆಟ್ ಅಗ್ಗಕ್ಕೆ ಸಿಕ್ಕಿತು. ರದ್ದು ಮಾಡಿದರೆ ಒಂದು ರೂಪಾಯಿಯೂ ವಾಪಸ್ ಇಲ್ಲ ಅನ್ನುವ ಟಿಕೆಟ್. ಭಾವನಿಗೆ ಬಹಳ ಖುಷಿ.

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ದೆಹಲಿಯಲ್ಲಿ ಹತ್ತಿದರೆ ಒಂದೂವರೆ ಗಂಟೆಯಲ್ಲಿ ಅಲ್ಲಿ ಇಳಿಸುತ್ತಾರೆ. ಮೈಗೆ ತಾನು ಎಲ್ಲಿಗೆ ಬಂದೆ ಅಂತಲೇ ಗೊತ್ತಾಗಿರುವುದಿಲ್ಲ. ಇಳಿದ ಮೊದಲ ಕೆಲವು ಗಂಟೆ ಏನೂ ಅನ್ನಿಸುವುದೂ ಇಲ್ಲ. ತಂಪು ಗಾಳಿ, ನೀಲಿ ಆಕಾಶ, ಉತ್ಸಾಹ. ಮೋಸ ಆಗುವುದೇ ಇಲ್ಲಿ. ಭಾವ ಮಧ್ಯಾಹ್ನ ಊಟ ಮುಗಿಸಿ ಟ್ಯಾಕ್ಸಿ ಮಾತಾಡಿಯೇ ಬಿಟ್ಟರು. ಖರ್ದುಂಗ್ ಲಾ ಅನ್ನುವ ಬೆಟ್ಟದ ರಸ್ತೆಯ ನೆತ್ತಿ ನೋಡಿ ಬರೋಣ ಅಂತ. ಮೇಷ್ಟ್ರು ಬರುವುದಿಲ್ಲ ಅಂದರು. ಭಾವ ಒಬ್ಬರೇ ಹೋದರು.

ಖರ್ದುಂಗ್ ಲಾ ಸುಮಾರು 5,359 ಮೀಟರ್. ಅಲ್ಲಿನ ಹಳೇ ಬೋರ್ಡಿನಲ್ಲಿ 18,380 ಅಡಿ ಅಂತ ಬರೆದಿತ್ತು. ಅದು ನಿಜಕ್ಕಿಂತ ಜಾಸ್ತಿ, ಆದರೆ ಫೋಟೋ ತೆಗೆಸಿಕೊಳ್ಳುವವರಿಗೆ ಅದೇ ಇಷ್ಟ. ಭಾವನೂ ಬೇಕಾದಷ್ಟು ಫೋಟೋ ತೆಗೆಸಿಕೊಂಡರು. ಇಳಿಯುವಾಗಲೇ ತಲೆ ಸಿಡಿಯಲು ಶುರುವಾಯಿತು. ರಾತ್ರಿ ಊಟ ಸೇರಲಿಲ್ಲ. ವಾಂತಿ. ಮೇಷ್ಟ್ರು "ಡಾಕ್ಟರ ಹತ್ರ ಹೋಗೋಣ ಭಾವ" ಅಂದರೆ, "ಪಿತ್ತ ಕಣೋ, ವಿಮಾನದಲ್ಲಿ ಕೊಟ್ಟ ಟೀ ಸರಿ ಇರ್ಲಿಲ್ಲ" ಅಂತ ಕಂಬಳಿ ಹೊದ್ದುಕೊಂಡರು. ಮಾರನೇ ದಿನವೂ ಹಾಗೇ. ರಾತ್ರಿ ಮಲಗಿದರೆ ಉಸಿರು ಸಾಲದು, ಎದ್ದು ಕೂರುವುದು. ಒಣ ಕೆಮ್ಮು. ಬೆಳಗಿನ ಜಾವ ಬಚ್ಚಲಿಗೆ ನಡೆಯುವಾಗ ನಾಲ್ಕು ಹೆಜ್ಜೆಗೇ ಏದುಸಿರು. ಕುಂದಾದ್ರಿ ಹತ್ತುವ ಮನುಷ್ಯ!

ಆಗ ಮೇಷ್ಟ್ರು ಅವರ ಮಾತು ಕೇಳಲಿಲ್ಲ. ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಶ್ವಾಸಕೋಶದಲ್ಲಿ ನೀರು ತುಂಬಲು ಶುರುವಾಗಿತ್ತು. ಎತ್ತರಕ್ಕೆ ಅವಸರದಲ್ಲಿ ಹೋದವರಿಗೆ ಬರುವ ಕಾಯಿಲೆ ಇದು. ತಡ ಮಾಡಿದರೆ ಜೀವವೇ ಹೋಗುತ್ತೆ. ಆಕ್ಸಿಜನ್ ಹಾಕಿದರು. ಸುಧಾರಿಸಿದ ಮೇಲೆ ಡಾಕ್ಟರು, "ಮೇಲಕ್ಕೆ ಒಂದಡಿಯೂ ಬೇಡ, ಕೆಳಗೆ ಹೋಗಿ" ಅಂದರು. ಮಾರ್ಖಾ ಕಣಿವೆಯೂ ಇಲ್ಲ, ಏನೂ ಇಲ್ಲ. ಚಾರಣಕ್ಕೆ ಕಟ್ಟಿದ ದುಡ್ಡು ಹೋಯಿತು. ಅಗ್ಗದ ಟಿಕೆಟ್ ಹೋಯಿತು. ಅವತ್ತಿನ ದರದಲ್ಲಿ ಎರಡು ಹೊಸ ಟಿಕೆಟ್. ಉಳಿಸಿದ್ದು ಎರಡು ರಾತ್ರಿಯ ರೂಮು ಬಾಡಿಗೆ. ಕಳೆದುಕೊಂಡದ್ದು ಅದರ ಹತ್ತಾರು ಪಟ್ಟು. ಇದರಲ್ಲಿ ಪಾಪ, ಏನೂ ಆಗದ ಮೇಷ್ಟ್ರಿಗೂ ನಷ್ಟ.

ಮರುವರ್ಷ ಮೇಷ್ಟ್ರು ಅದೇ ನೋಟ್‌ಬುಕ್ ಹಿಡಿದು ಒಬ್ಬರೇ ಹೋದರು. ಮೂರು ದಿನ ಲೇಹ್‌ನಲ್ಲಿ ಪೇಪರ್ ಓದಿಕೊಂಡು, ನೀರು ಕುಡಿದುಕೊಂಡು ಇದ್ದರು. ಆಮೇಲೆ ನಿಧಾನಕ್ಕೆ ನಡೆದು 5,000 ಮೀಟರ್ ಮೇಲಿನ ಪಾಸನ್ನೂ ದಾಟಿ ಬಂದರು. ಕನ್ನಡಕ ಒರೆಸಿಕೊಳ್ಳುತ್ತಲೇ ದಾಟಿದರಂತೆ. ಗಟ್ಟಿ ಮೈಯವರಿಗೆ ಇಲ್ಲಿ ರಿಯಾಯಿತಿ ಏನೂ ಇಲ್ಲ. ಅವರು ಜೋರಾಗಿ ನಡೆದು ಬೇಗ ಮೇಲೆ ಮುಟ್ಟುತ್ತಾರೆ, ಅದಕ್ಕೇ ಅವರಿಗೆ ಅಪಾಯ ಜಾಸ್ತಿ.

ಇದು ಮೈಯ ಖಾಲಿ ದಿನದ ಮಾತಾಯಿತು. ಹವೆಯ ಖಾಲಿ ದಿನವೂ ಅಷ್ಟೇ ಮುಖ್ಯ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕೆಟ್ಟ ಹವೆಗೆ ಸಿಕ್ಕಿ ನಮ್ಮ ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ತೀರಿಕೊಂಡರು. ಆ ಸುದ್ದಿ ನಿಮಗೆಲ್ಲ ನೆನಪಿರುತ್ತೆ. ಜೂನ್ ಅಂದರೆ ಅಲ್ಲಿ ಬೇಸಿಗೆ. ಬೇಸಿಗೆಯಲ್ಲೂ ಮೇಲೆ ಹಿಮ ಬೀಳುತ್ತೆ, ಗಾಳಿ ಏಳುತ್ತೆ. ಹವೆ ಕೆಟ್ಟಾಗ ಗೈಡ್ "ಇವತ್ತು ಬೇಡ" ಅಂದರೆ, "ಸರಿ" ಅನ್ನುವ ಸ್ಥಿತಿಯಲ್ಲಿ ನೀವು ಇರಬೇಕು. ನಾಳಿದ್ದು ರೈಲಿದೆ, ಸೋಮವಾರ ಆಫೀಸಿದೆ ಅಂತಾದರೆ ಬಾಯಲ್ಲಿ ಸರಿ ಬರುವುದಿಲ್ಲ. ಅಡಿಕೆ ಕೊಯ್ಲಿಗೆ ಆಳು ಹೇಳುವಾಗ ಮಳೆ ಬಂದರೆ ಇರಲಿ ಅಂತ ಒಂದೆರಡು ದಿನ ಬಿಟ್ಟೇ ಹೇಳುತ್ತೀರಲ್ವಾ? ಅದೇ ಬುದ್ಧಿ ಇಲ್ಲೂ ಬೇಕು.

ಈಗ ಲೆಕ್ಕಕ್ಕೆ ಬರೋಣ. ಕೇದಾರಕಂಠವನ್ನೇ ಇಟ್ಟುಕೊಳ್ಳಿ. ಶಿವಮೊಗ್ಗದಿಂದ ರಾತ್ರಿ ರೈಲಿಗೆ ಬೆಂಗಳೂರು. ಅಲ್ಲಿಂದ ದೆಹಲಿಗೆ ರೈಲಿನಲ್ಲಿ ಎರಡು ರಾತ್ರಿ. ದೆಹಲಿಯಿಂದ ಡೆಹ್ರಾಡೂನ್ ಇನ್ನೊಂದು ರಾತ್ರಿ. ಡೆಹ್ರಾಡೂನಿನಿಂದ ಸಾಂಕ್ರಿಗೆ ಜೀಪಿನಲ್ಲಿ ಇಡೀ ಹಗಲು. ಅಂದರೆ ಹೋಗಲು ಐದು ದಿನ ಹಿಡಿಯಿರಿ, ಬರಲು ಐದು. ನಡಿಗೆ ನಾಲ್ಕೈದು. ಎರಡು ಖಾಲಿ. ಒಟ್ಟು ಹದಿನೇಳು ದಿನ. ಅಷ್ಟು ರಜೆ ಇಲ್ಲ ಅಂದರೆ ಬೆಂಗಳೂರಿನಿಂದ ವಿಮಾನಕ್ಕೆ ದುಡ್ಡು ಹಾಕಿ, ಪ್ರಯಾಣದ ದಿನ ಕಡಿಮೆ ಮಾಡಿ. ಖಾಲಿ ದಿನಕ್ಕೆ ಕೈ ಹಾಕಬೇಡಿ. ಅದೂ ಆಗದಿದ್ದರೆ ಈ ವರ್ಷ ಕುದುರೆಮುಖಕ್ಕೆ ಹೋಗಿ. ಅದೇನು ಸಣ್ಣ ಬೆಟ್ಟವಾ?

ದುಡ್ಡಿಗೆ ನನ್ನದೊಂದು ಅಂದಾಜು ಇದೆ. ಚಾರಣದ ಕಂಪನಿಯವರು ಹೇಳುವ ಫೀಸು ಎಷ್ಟೋ, ಅದರ ಎರಡೂವರೆ ಪಟ್ಟು ಕೈಯಲ್ಲಿರಲಿ. ಹತ್ತು ಸಾವಿರ ಅಂದರೆ ಇಪ್ಪತ್ತೈದು ಸಾವಿರ. ಫೀಸಿನಲ್ಲಿ ಸಾಮಾನ್ಯವಾಗಿ ಬೆಟ್ಟದ ಮೇಲಿನ ಊಟ, ಟೆಂಟು, ಗೈಡು ಇಷ್ಟೇ. ರೈಲು, ಜೀಪು, ದಾರಿಯ ರೂಮು, ಬೂಟು, ಜಾಕೆಟ್ಟು, ಬ್ಯಾಗು ಹೊರಲು ಆಳು ಅಥವಾ ಹೇಸರಗತ್ತೆ, ಕೊನೆಯಲ್ಲಿ ಅಡುಗೆಯವರಿಗೆ ಕೊಡುವ ಇನಾಮು, ಎಲ್ಲ ಬೇರೆ. ಖಾಲಿ ದಿನಕ್ಕೂ ದುಡ್ಡು ತೆಗೆದಿಡಿ. ತಲೆಗೆ ದಿನಕ್ಕೆ ಎರಡು ಸಾವಿರ ಅಂತ ಬೇರೆ ಕವರಿನಲ್ಲೇ ಹಾಕಿಡಿ. ಹವೆ ಚೆನ್ನಾಗಿದ್ದು ಆ ದುಡ್ಡು ಉಳಿದರೆ ಬರುವಾಗ ಹರಿದ್ವಾರ ನೋಡಿ ಬನ್ನಿ. ಅಗ್ಗದ ದಾರಿ ಬೇಕಾದರೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ನಡೆಸುವ ಚಾರಣಗಳಿವೆ. ಸರ್ ಪಾಸ್‌ಗೆ ಅವರ ಜೊತೆ ಹೋದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ, ಕೇಳಿ ನೋಡಿ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಭಾವನ ಕಥೆ ಸ್ವಲ್ಪ ಉದ್ದ ಆಯಿತು ಅಂತ ಕಾಣುತ್ತೆ. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಬೂಟು ಮಾತ್ರ ಸ್ವಂತದ್ದಿರಲಿ, ಎರಡು ತಿಂಗಳು ಮುಂಚೆ ಕೊಂಡು ಅದರಲ್ಲೇ ನಡೆಯಿರಿ. ಜಾಕೆಟ್ಟು, ಕೋಲು ಬಾಡಿಗೆಗೆ ಸಿಗುತ್ತವೆ. ಇನ್ಶೂರೆನ್ಸ್ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ನುವುದನ್ನು ಓದಿ ಸಹಿ ಹಾಕಿ. ಮಾಮೂಲಿ ಪಾಲಿಸಿಗಳು ಎಷ್ಟೋ ಸಲ ಚಾರಣವನ್ನು ಸೇರಿಸುವುದೇ ಇಲ್ಲ. ಕೈಯಲ್ಲಿ ನೋಟು ಇರಲಿ, ಬೆಟ್ಟದ ಬುಡದ ಹಳ್ಳಿಗಳಲ್ಲಿ ಎಟಿಎಂ ನೆಚ್ಚಬೇಡಿ. ಲಡಾಖಿಗಾದರೆ ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಡೈಮಾಕ್ಸ್ ಅನ್ನುವ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತೀರಿ. ಅದು ಮೈ ಒಗ್ಗಿಕೊಳ್ಳಲು ಸಹಾಯ ಮಾಡುತ್ತೆ. ನಿಮ್ಮ ಡಾಕ್ಟರನ್ನು ಕೇಳಿ ತಗೊಳ್ಳಿ, ಸಲ್ಫಾ ಔಷಧಿ ಆಗಿಬರದವರು ಅದನ್ನು ಮೊದಲೇ ಹೇಳಿ. ಮಾತ್ರೆ ಇದೆ ಅಂತ ಖಾಲಿ ದಿನ ತೆಗೆಯಬೇಡಿ! ತಲೆನೋವಿನ ಜೊತೆ ವಾಂತಿ ಬಂದರೆ ಮೇಲಕ್ಕೆ ಹೋಗುವುದು ನಿಲ್ಲಿಸಿ. ನಡಿಗೆ ಕುಡಿದವರ ಹಾಗೆ ಓಲಾಡಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಕೆಳಗೆ ಇಳಿಸಿ.

ಯಾವ ತಿಂಗಳು ಅಂತ ಕೇಳುವ ತೋಟದವರಿಗೆ ಒಂದು ಮಾತು. ಡಿಸೆಂಬರಿನ ಹಿಮ ನೋಡುವ ಆಸೆ ಇದ್ದರೆ ಆಗ ಇಲ್ಲಿ ಕೊಯ್ಲು, ಮನೆಯಲ್ಲಿ ಒಪ್ಪುವುದಿಲ್ಲ. ಮೇ ತಿಂಗಳು ಸರಿಹೋಗುತ್ತೆ. ಮಳೆ ಹಿಡಿದು ಔಷಧಿ ಹೊಡೆಯುವ ಕೆಲಸ ಶುರುವಾಗುವುದರೊಳಗೆ ಊರು ಸೇರಬಹುದು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ, ಮುಂಚಿನ ಹಾಗೆ 120 ದಿನ ಅಲ್ಲ. ಮೇ ಹತ್ತಕ್ಕೆ ಹೊರಡುವವರು ಮಾರ್ಚ್ ಹನ್ನೊಂದಕ್ಕೆ ಬೆಳಗ್ಗೆ ಎಂಟು ಗಂಟೆಗೇ ಫೋನ್ ಹಿಡಿದು ಕೂರಬೇಕು. ಹೋಗುವ ಟಿಕೆಟ್ ಆಯಿತು ಅಂತ ಎದ್ದುಬಿಡಬೇಡಿ. ವಾಪಸ್ ಟಿಕೆಟ್ಟಿಗೆ ಇನ್ನೊಂದು ದಿನ ಕೂರಬೇಕಾಗುತ್ತೆ. ಅದನ್ನು ಚಾರಣ ಮುಗಿದ ದಿನಕ್ಕೆ ಲೆಕ್ಕ ಹಾಕದೆ, ಎರಡು ದಿನ ಬಿಟ್ಟು ಮೂರನೇ ದಿನದಿಂದ ಹಿಡಿಯಿರಿ.

ಅವಕಾಶ ಕೊಟ್ಟ ಆಕಾಶವಾಣಿಯವರಿಗೆ ವಂದನೆ. ನಮಸ್ಕಾರ.