ನಮ್ಮ ಕರಾವಳಿಯಲ್ಲಿ ಎಲೆ ಕೆಂಪಾಗುವುದು ಯಾವಾಗ?

[ದೃಶ್ಯ: ಬೆಳಗಿನ ಬಿಸಿಲಿನಲ್ಲಿ ಜೋತುಬಿದ್ದ ಕೆಂಪು ಎಳೆ ಎಲೆಗಳು]

ನಮಸ್ಕಾರ. ಅಕ್ಟೋಬರ್ ಬಂತೆಂದರೆ ಫೋನ್ ತುಂಬಾ ಅಮೆರಿಕ, ಜಪಾನಿನ ಕೆಂಪು ಕಾಡುಗಳ ಫೋಟೋ. ನಮ್ಮ ಮಂಗಳೂರಲ್ಲಿ ಆಗ ಮಳೆ ಈಗಷ್ಟೇ ಬಿಟ್ಟಿರುತ್ತದೆ, ಎಲ್ಲಿ ನೋಡಿದರೂ ಹಸಿರು. ಹಾಗಂತ ನಮಗೆ ಆ ಬಣ್ಣ ಇಲ್ಲ ಅಂದುಕೊಳ್ಳಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಮ್ಮೆ ತಲೆ ಎತ್ತಿ ನೋಡಿ. ಅದಕ್ಕೇ ಈ ಸೆಕೆಯಲ್ಲೂ ನಾನು ಪಿಲಿಕುಳಕ್ಕೆ ಬಂದಿದ್ದೇನೆ.

[ದೃಶ್ಯ: ಮರಗಳ ನಡುವಿನ ದಾರಿ]

ವಾಮಂಜೂರಿನ ಹತ್ತಿರ ಇರುವ ಪಿಲಿಕುಳ ನಿಸರ್ಗಧಾಮ ನಿಮಗೆ ಗೊತ್ತೇ ಇರುತ್ತದೆ. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹೆಚ್ಚಿನವರು ಹುಲಿ, ಹಾವು ನೋಡಿ ಮನೆಗೆ ಹೋಗುತ್ತಾರೆ. ಪಶ್ಚಿಮ ಘಟ್ಟದ ಮರಗಳನ್ನು ನೆಟ್ಟು ಬೆಳೆಸಿದ ಅರ್ಬೊರೇಟಂ, ಅಂದರೆ ವೃಕ್ಷೋದ್ಯಾನವೂ ಇಲ್ಲಿದೆ. ನನಗೆ ಇಲ್ಲಿ ಜಾಸ್ತಿ ಇಷ್ಟವಾದ ಜಾಗ ಇದೇ.

ಚಳಿ ದೇಶಗಳಲ್ಲಿ ಕೆಂಪಾಗುವುದು ಹಳೆ ಎಲೆ. ಲಂಡನ್‌ನಲ್ಲಿ ಜೂನ್‌ನ ಹಗಲು ಸುಮಾರು 16 ಗಂಟೆ, ಡಿಸೆಂಬರ್‌ನದು 8 ಗಂಟೆಗೂ ಕಡಿಮೆ. ಹಗಲು ಕುಗ್ಗಿ ಚಳಿ ಹತ್ತಿರ ಬಂದಾಗ ಮರ ಎಲೆಯ ಹಸಿರು ಬಣ್ಣವನ್ನು, ಕ್ಲೋರೊಫಿಲ್ ಅನ್ನು, ಒಡೆದು ಅದರ ಸಾರವನ್ನು ವಾಪಸ್ ಎಳೆದುಕೊಳ್ಳುತ್ತದೆ. ಅಡಗಿದ್ದ ಹಳದಿ ಆಗ ಕಾಣುತ್ತದೆ. ಕೆಂಪು ಹಾಗಲ್ಲ. ಅದು ಆಂಥೋಸಯನಿನ್, ಕೆಲವು ಮರಗಳು ಆಗ ಹೊಸದಾಗಿ ಮಾಡಿಕೊಳ್ಳುವ ಬಣ್ಣ.

ಮಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ನಮ್ಮ ಮರಗಳಿಗೆ ಕಷ್ಟ ಕೊಡುವುದು ಚಳಿಯಲ್ಲ, ಮಳೆ ಇಲ್ಲದ ತಿಂಗಳುಗಳು. ಬಾದಾಮಿ ಮರ ಮಾತ್ರ ಚಳಿ ದೇಶದವರ ಹಾಗೆಯೇ, ಎಲೆ ಉದುರಿಸುವ ಮೊದಲು ಕೆಂಪಾಗುತ್ತದೆ. ಅದನ್ನು ನೋಡಲು ಟಿಕೆಟ್ ಬೇಡ, ಎಷ್ಟೋ ಮನೆಗಳ ಅಂಗಳದಲ್ಲೇ ಇದೆ.

[ದೃಶ್ಯ: ನಾಗಸಂಪಿಗೆ ಚಿಗುರು, ಹತ್ತಿರದಿಂದ]

ಉಳಿದ ಎಷ್ಟೋ ಮರಗಳಲ್ಲಿ ಕೆಂಪು ಇರುವುದು ಚಿಗುರಿನಲ್ಲಿ! ಈ ನಾಗಸಂಪಿಗೆ ನೋಡಿ. ಹಳೆ ಎಲೆ ಕಡು ಹಸಿರು, ಗಟ್ಟಿ. ಅದರ ತುದಿಯಲ್ಲಿ ಕುಂಕುಮದಂಥ ಎಳೆ ಎಲೆ, ಒದ್ದೆ ಬಟ್ಟೆ ಹಾಗೆ ನೇತಾಡುತ್ತಿದೆ. ಹೀಗೆ ಜೋತುಬಿದ್ದರೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವುದಿಲ್ಲ. ಎಳೆ ಎಲೆಗೆ ಬಿಸಿಲು ತಡೆಯುವ ಶಕ್ತಿ ಕಡಿಮೆ, ಅಲ್ವಾ? ಆಂಥೋಸಯನಿನ್ ಅದಕ್ಕೆ ಕೊಡೆಯ ಹಾಗೆ ಅಂತ ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಎಲೆ ತಿನ್ನುವ ಹುಳುಗಳನ್ನು ದೂರ ಇಡಲು ಅಂತ ಇನ್ನು ಕೆಲವರು. ಚರ್ಚೆ ಇನ್ನೂ ಮುಗಿದಿಲ್ಲ.

ಮಾವಿನ ಚಿಗುರು ತಾಮ್ರದ ಬಣ್ಣ. ಅಶ್ವತ್ಥದ ಚಿಗುರು ತೆಳು ಗುಲಾಬಿ, ಗಾಳಿ ಬಂದರೆ ಮಿನುಗುತ್ತದೆ. ಪುನರ್ಪುಳಿಯದೂ ಕೆಂಪೇ.

ಬರುವವರು ಬೆಳಿಗ್ಗೆಯೇ ಬನ್ನಿ, ನೀರು ತನ್ನಿ. ಸೂರ್ಯನಿಗೆ ಎದುರಾಗಿ ನಿಂತು ಎಲೆಯನ್ನು ಕೆಳಗಿನಿಂದ ನೋಡಿ, ಬೆಳಕು ಎಲೆಯೊಳಗಿಂದ ಬರಬೇಕು. ದಯವಿಟ್ಟು ಚಿಗುರು ಕೀಳಬೇಡಿ. ಒಂದು ಕೊಂಬೆ ಗುರುತಿಟ್ಟುಕೊಂಡು ಫೋಟೋ ತೆಗೆಯಿರಿ. ಎರಡು ಮೂರು ವಾರ ಬಿಟ್ಟು ಅದೇ ಕೊಂಬೆಯ ಹತ್ತಿರ ಮತ್ತೆ ಬನ್ನಿ. ಜೋತುಬಿದ್ದ ಎಲೆ ಅಷ್ಟರಲ್ಲಿ ನೆಟ್ಟಗಾಗಿ ಹಸಿರು ಹತ್ತಿರುತ್ತದೆ.