ಹೆಜ್ಜಾರ್ಲೆಯ ಎರಡನೆಯ ಮರಿ

ಕೇಳುಗರಿಗೆ ನಮಸ್ಕಾರ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಗೂಡು ಕಟ್ಟಲು ಬರುವ ಹೆಜ್ಜಾರ್ಲೆಗಳನ್ನು, ಅಂದರೆ ಪೆಲಿಕನ್ ಹಕ್ಕಿಗಳನ್ನು, ಊರಿನವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಮಂಡ್ಯ ಸೀಮೆಯವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. 2017ರ ಕೊನೆಯಿಂದ ಕೆಲವು ತಿಂಗಳ ಕಾಲ ಆ ಹಕ್ಕಿಗಳು ಒಂದರ ಹಿಂದೊಂದು ಸತ್ತವು. ಶವಪರೀಕ್ಷೆಯಲ್ಲಿ ಕಂಡದ್ದು ಪರಾವಲಂಬಿ ಹುಳುಗಳು. ಕೆರೆಗಳ ಮಾಲಿನ್ಯದ ಮಾತೂ ಆಗ ಬಂತು. ಅದರಲ್ಲಿ ನಮ್ಮ ಪಾಲು ಎಷ್ಟೇ ಇರಲಿ, ಇನ್ನೊಂದು ಜೀವಿಯ ಒಡಲನ್ನು ತಿಂದು ಬದುಕುವ ಹುಳುವನ್ನು ನಾವು ಸೃಷ್ಟಿಸಲಿಲ್ಲ. ಹಾಗಾದರೆ ಸೃಷ್ಟಿಸಿದವರು ಯಾರು? ದೇವರು ತಾನು ಉಂಟುಮಾಡಿದ್ದೆಲ್ಲವನ್ನೂ ಒಳ್ಳೆಯದೆಂದು ಕಂಡನೆಂದು ಓದುತ್ತಾ ಬೆಳೆದ ನಮ್ಮಂಥ ಕ್ರೈಸ್ತರಿಗೆ ಇದು ತಪ್ಪಿಸಿಕೊಳ್ಳಲಾಗದ ಪ್ರಶ್ನೆ.

ಹಿರಿಯರ ಬಳಿ ಉತ್ತರ ಸಿದ್ಧವಿತ್ತು. ಆದಾಮ ಪಾಪ ಮಾಡಿದ, ಭೂಮಿಗೆ ಶಾಪ ತಟ್ಟಿತು, ಅಂದಿನಿಂದ ಹುಲಿ ಜಿಂಕೆಯನ್ನು ತಿನ್ನತೊಡಗಿತು. ಬಂಡೆಗಳು ಇದನ್ನು ಒಪ್ಪುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದುಹೋದ ಡೈನೋಸಾರ್‌ಗಳ ಎಲುಬುಗಳಲ್ಲಿ ಹಲ್ಲಿನ ಗುರುತುಗಳಿವೆ, ರೋಗದ ಗೆಡ್ಡೆಗಳೂ ಇವೆ. ಬೈಬಲ್ ಕೂಡ ಎಲ್ಲ ಕಡೆಯೂ ಆದಾಮನನ್ನು ದೂರುವುದಿಲ್ಲ. 104ನೆಯ ಕೀರ್ತನೆಯಲ್ಲಿ ಸಿಂಹದ ಮರಿಗಳು ಗರ್ಜಿಸುತ್ತಾ ದೇವರಿಂದಲೇ ಆಹಾರ ಬೇಡುತ್ತವೆ. ಯೋಬನ ಗ್ರಂಥದಲ್ಲಿ ಹದ್ದಿನ ಮರಿಗಳು ರಕ್ತ ಹೀರುವುದನ್ನು ದೇವರೇ ವರ್ಣಿಸುತ್ತಾನೆ, ಅದೂ ಒಂದಿಷ್ಟು ಹೆಮ್ಮೆಯಿಂದಲೇ ಎನ್ನಬೇಕು. ಭಾನುವಾರದ ಪ್ರಸಂಗಗಳಲ್ಲಿ ಈ ಸಾಲನ್ನು ನಾನು ಕೇಳಿದ್ದು ಕಡಿಮೆ.

ಮಧ್ಯಯುಗದ ಯುರೋಪಿನ ಚರ್ಚುಗಳು ಹೆಜ್ಜಾರ್ಲೆಯನ್ನು ಕ್ರಿಸ್ತನ ಸಂಕೇತವಾಗಿ ಕೆತ್ತಿದವು. ತಾಯಿಹಕ್ಕಿ ತನ್ನ ಎದೆಯನ್ನು ತಾನೇ ಕುಕ್ಕಿಕೊಂಡು ಆ ರಕ್ತದಿಂದ ಮರಿಗಳನ್ನು ಉಳಿಸುತ್ತದೆ ಎಂಬುದು ಅಂದಿನ ನಂಬಿಕೆ. ಯಾವ ಹೆಜ್ಜಾರ್ಲೆಯೂ ಹಾಗೆ ಮಾಡುವುದಿಲ್ಲ. ಅಮೆರಿಕದ ಬಿಳಿ ಹೆಜ್ಜಾರ್ಲೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಮೊದಲು ಹೊರಬಂದ ಮರಿ ಎರಡನೆಯದನ್ನು ಕುಕ್ಕಿ ಪಕ್ಕಕ್ಕೆ ತಳ್ಳುತ್ತದೆ, ಹೆತ್ತವು ಸುಮ್ಮನಿರುತ್ತವೆ. ಮೊದಲನೆಯದು ಸತ್ತರೆ ಇರಲಿ ಎಂದು ಹುಟ್ಟಿದ ಮರಿ ಅದು, ಬಹುಪಾಲು ಸಾಯುತ್ತದೆ. ತತ್ತ್ವಜ್ಞಾನಿ ಹೋಮ್ಸ್ ರೋಲ್ಸ್ಟನ್ ಈ ಉದಾಹರಣೆಯನ್ನು ಎತ್ತಿದ ಮೇಲೆ ದೈವಶಾಸ್ತ್ರಜ್ಞರು ಆ ಎರಡನೆಯ ಮರಿಯನ್ನು ಮತ್ತೆ ಮತ್ತೆ ಚರ್ಚಿಸಿದ್ದಾರೆ. ಜಿಂಕೆಯ ಓಟವೂ ಚಿರತೆಯ ವೇಗವೂ ಈ ಹೋರಾಟದಿಂದಲೇ ಬಂದವು, ವಿಕಾಸಕ್ಕೆ ಬೇರೆ ದಾರಿ ಇರಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜವಿರಬಹುದು. ಆದರೆ ಲಾಭ ಕುಲಕ್ಕೆ, ಸಾವು ಆ ಒಂದು ಮರಿಗೆ. ಈ ಲೆಕ್ಕವನ್ನು ನನ್ನಿಂದ ಒಪ್ಪಲಾಗುತ್ತಿಲ್ಲ.

ಹಾಗಾದರೆ ಹೆಜ್ಜಾರ್ಲೆಗಳಿಗೂ ಒಂದು ಸ್ವರ್ಗ ಬೇಕೆಂದು ಜೇ ಮೆಕ್‌ಡೇನಿಯಲ್ ಎಂಬ ದೈವಶಾಸ್ತ್ರಜ್ಞ ಹೇಳಿದರು. ನಗು ಬಂದರೆ ನಗಿ. ಮೆಥೊಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ 1781ರಷ್ಟು ಹಿಂದೆಯೇ ಮೃಗಪಕ್ಷಿಗಳಿಗೂ ಬಿಡುಗಡೆಯುಂಟೆಂದು ಪ್ರಸಂಗ ಬರೆದಿದ್ದರು. ಅದಕ್ಕೆ ಅವರು ಹಿಡಿದ ಆಧಾರ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ. ಇಡೀ ಸೃಷ್ಟಿಯೇ ಪ್ರಸವವೇದನೆಯಿಂದ ನರಳುತ್ತಿದೆ ಎನ್ನುತ್ತಾನೆ ಅಲ್ಲಿ ಪೌಲ. ಹೆರಿಗೆಯಲ್ಲಿ ತಾಯಂದಿರು ಸಾಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಬರೆದ ಮಾತು ಅದು, ಸಮಾಧಾನದ ಸಿಹಿಯಲ್ಲ. ನೋವು ಒಳ್ಳೆಯದೆಂದು ಅವನು ಹೇಳುವುದಿಲ್ಲ, ಅದು ಕೊನೆಯಲ್ಲ ಎನ್ನುತ್ತಾನೆ, ಅಷ್ಟೆ. ಹಾಗೆನ್ನಲು ಅವನಿಗಿದ್ದ ಆಧಾರವೂ ಒಂದೇ: ಇದೇ ಮಾಂಸ, ಇದೇ ರಕ್ತದಲ್ಲಿ ದೇವರು ಶಿಲುಬೆಯ ಮೇಲೆ ನರಳಿ ಸತ್ತ, ಮತ್ತೆ ಎದ್ದ. ಹುಳು ಏಕೆ ಹುಟ್ಟಿತೆಂದು ಶಿಲುಬೆ ವಿವರಿಸುವುದಿಲ್ಲ. ವಿವರಣೆ ಸಿಕ್ಕ ಮೇಲೆ ನಂಬುತ್ತೇನೆ ಎಂದು ಕುಳಿತರೆ ನಾನಂತೂ ಕುಳಿತೇ ಇರಬೇಕಾಗುತ್ತದೆ.

ಬೆಳ್ಳೂರಿನ ಯುವಕರು ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಸಾಕಿ ಬಿಡುತ್ತಾ ಬಂದಿದ್ದಾರೆ. ಮರಿ ಉಳಿಯಬೇಕಾದರೆ ದಿನವೂ ಮೀನು ಬೇಕು. ವೆಸ್ಲಿ ಹೇಳಿದ ಬಿಡುಗಡೆ ಆ ಮೀನಿಗೂ ಸಲ್ಲದಿದ್ದರೆ ನನಗೆ ಅದು ಅರ್ಧ ಬಿಡುಗಡೆ.