ಬರೆದದ್ದನ್ನೇ ಮತ್ತೆ ಬಳಸುವಾಗ

ಕೇಳುಗರೆಲ್ಲರಿಗೂ ನಮಸ್ಕಾರ. ಒಮ್ಮೆ ಬರೆದ ತಂತ್ರಾಂಶವನ್ನು ಇನ್ನೊಂದು ಕಡೆ ಮತ್ತೆ ಬಳಸುವ ಬಗ್ಗೆ ಇವತ್ತಿನ ಮಾತು.

ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ನಮಗೆಲ್ಲ ಗೊತ್ತಿರುವುದೇ. ಅಲ್ಲಿಂದ ನೋಡಿಕೊಂಡ ಎಷ್ಟೋ ಇನ್ಸಾಟ್ ಉಪಗ್ರಹಗಳನ್ನು ಬಾನಿಗೇರಿಸಿದ್ದು ಯುರೋಪಿನ ಏರಿಯಾನ್ ರಾಕೆಟ್. ಅದೇ ಮನೆತನದ ಏರಿಯಾನ್-5, 1996ರ ಜೂನ್ 4ರಂದು ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿಗೇ ಸಿಡಿದುಹೋಯಿತು. ಏರಿಯಾನ್-4ರ ತಂತ್ರಾಂಶದ ಒಂದು ಭಾಗವನ್ನು ಅದರಲ್ಲಿ ಹಾಗೆಯೇ ತಂದು ಕೂರಿಸಿದ್ದರು. ಹೊಸ ರಾಕೆಟ್ಟಿನ ಸಮತಲ ವೇಗ ಹಳೆಯದಕ್ಕಿಂತ ಬಹಳ ಹೆಚ್ಚು. ಆ ಅಂಕಿ ಗಣಕದಲ್ಲಿ ಅದಕ್ಕಿಟ್ಟಿದ್ದ 16 ಬಿಟ್‌ಗಳ ಸಣ್ಣ ಜಾಗದಲ್ಲಿ ಹಿಡಿಯದೆ ರಾಕೆಟ್ ದಾರಿ ತಪ್ಪಿತು. ನೆಲ ಬಿಟ್ಟ ಮೇಲೆ ಆ ಲೆಕ್ಕ ಹೊಸ ರಾಕೆಟ್ಟಿಗೆ ಬೇಕಾಗಿಯೇ ಇರಲಿಲ್ಲ ಎಂಬುದು ಇನ್ನೂ ನೋವಿನ ಸಂಗತಿ. ಹಳೆಯದರಲ್ಲಿ ಇತ್ತು, ಜೊತೆಗೆ ಬಂತು, ಅಷ್ಟೆ.

ಮರುಬಳಕೆಯ ಮಾತು ಹಳೆಯದು. 1968ರಲ್ಲೇ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ತಂತ್ರಾಂಶ ತಜ್ಞರ ಸಮ್ಮೇಳನದಲ್ಲಿ ಗಣಕ ವಿಜ್ಞಾನಿ ಡಗ್ಲಸ್ ಮೆಕಿಲ್ರಾಯ್ ತಂತ್ರಾಂಶಕ್ಕೂ ಬಿಡಿಭಾಗಗಳ ಉದ್ಯಮ ಬೇಕೆಂದು ವಾದಿಸಿದ್ದರು. ಮಾತು ಸುಲಭ.

ಚಿಕ್ಕಮಗಳೂರಿನಲ್ಲಿ ಒಂದು ಸಣ್ಣ ತಂತ್ರಾಂಶ ಕಂಪನಿ ಇದೆಯೆಂದುಕೊಳ್ಳಿ. ಕಾಫಿ ವ್ಯಾಪಾರಿಯೊಬ್ಬರಿಗೆ ಖರೀದಿ ಲೆಕ್ಕ ಮಾಡಿಕೊಟ್ಟಿದೆ: ಬೆಳೆಗಾರರ ಹೆಸರು, ತೂಕ, ತೇವಾಂಶದ ಕಡಿತ, ಔಟ್‌ಟರ್ನ್ (ಒಣಗಿದ ಕಾಫಿಯಿಂದ ಸಿಗುವ ಬೀಜದ ಪ್ರಮಾಣ), ಮುಂಗಡ ವಜಾ, ಪಾವತಿ. ಆಮೇಲೆ ಹಾಸನದ ಆಲೂಗಡ್ಡೆ ಮಂಡಿಯವರು ಬಂದರು. ಅವರ ಹಿಂದೆಯೇ ಒಂದು ಹಾಲಿನ ಸೊಸೈಟಿ. ಹುಡುಗರು ಹಳೆಯ ಫೋಲ್ಡರನ್ನು ನಕಲು ಮಾಡಿ, ಬೇಡದ್ದನ್ನು ಅಳಿಸಿ ಕೊಟ್ಟರು. ಮುಂದೆ ಪಾವತಿಯಲ್ಲಿ ಪೈಸೆಯ ತಪ್ಪು ಕಂಡಾಗ ಎರಡು ಕಡೆ ತಿದ್ದುತ್ತಾರೆ, ಮೂರನೆಯದು ಮರೆತುಹೋಗುತ್ತದೆ. ಇದನ್ನು ಮರುಬಳಕೆ ಎನ್ನಲು ನನಗೆ ಮನಸ್ಸಿಲ್ಲ.

ಮೂರಕ್ಕೂ ಹೊಂದುವುದು ಹೆಸರಿನ ಪಟ್ಟಿ, ಮುಂಗಡ ಮತ್ತು ಪಾವತಿ. ಹೊಂದದ್ದು ಬೆಲೆ ಕಟ್ಟುವ ರೀತಿ: ಕಾಫಿಗೆ ಔಟ್‌ಟರ್ನ್ ನೋಡಬೇಕು, ಹಾಲಿಗೆ ಕೊಬ್ಬಿನಂಶ. ಅದನ್ನು ಹೊರಗಿಟ್ಟು, ಉಳಿದದ್ದನ್ನು ಒಂದೇ ಕಡೆ ಇಟ್ಟು, ಒಬ್ಬರನ್ನು ಅದಕ್ಕೆ ಹೊಣೆ ಮಾಡಬೇಕು. ಅದು ಏನನ್ನು ನಂಬಿಕೊಂಡಿದೆ ಎಂಬುದನ್ನೂ ಬರೆದಿಡಬೇಕು. "ತೂಕ ಕಿಲೋಗ್ರಾಂನಲ್ಲಿ ಮಾತ್ರ" ಎಂಬ ಒಂದು ಸಾಲು ಇದ್ದಿದ್ದರೆ, ಲೀಟರಿನಲ್ಲಿ ಅಳೆಯುವ ಸೊಸೈಟಿಗೆ ಅದನ್ನು ಕೂರಿಸುವವರು ಕೈ ತಡೆದು ಯೋಚಿಸುತ್ತಿದ್ದರು.

ಇದಕ್ಕೆಲ್ಲ ದುಡ್ಡು ಯಾರು ಕೊಡಬೇಕು? ಹಲವರು ಬಳಸುವಂತೆ ಒಂದು ಭಾಗವನ್ನು ಬರೆದು, ಪರೀಕ್ಷಿಸಿ, ವಿವರ ಬರೆದಿಡಲು ಒಬ್ಬ ಗಿರಾಕಿಗೆ ಬರೆಯುವುದರ ಮೂರು ಪಟ್ಟು ಶ್ರಮ ಎಂಬುದು ಈ ಕಸುಬಿನ ಹಳಬರ ಅಂದಾಜು. ಆ ಹೊರೆಯನ್ನು ಮೊದಲ ಯೋಜನೆಯ ತಲೆಗೆ ಕಟ್ಟಿದರೆ ಅದರ ವ್ಯವಸ್ಥಾಪಕರು ಖಂಡಿತ ನುಣುಚಿಕೊಳ್ಳುತ್ತಾರೆ; ಗಡುವು ಅವರದು, ಲಾಭ ಮುಂದಿನವರದು. ಅವರನ್ನು ದೂರಿ ಫಲವಿಲ್ಲ. ಖರ್ಚನ್ನು ಸಂಸ್ಥೆಯೇ ಹೊರಬೇಕು. ಬರೆದ ಸಾಲುಗಳನ್ನು ಎಣಿಸಿ ಬೆನ್ನು ತಟ್ಟುವ ಕಚೇರಿಯಲ್ಲಂತೂ ಇನ್ನೊಬ್ಬರು ಬರೆದದ್ದನ್ನು ಯಾರೂ ಮುಟ್ಟುವುದಿಲ್ಲ.

ಹೊರಗಿನಿಂದ ಉಚಿತವಾಗಿ ತಂದ ಭಾಗಗಳಿಗೂ ಒಂದು ದಾಖಲೆ ಇರಲಿ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ, ತಂತ್ರಾಂಶದ ಆಗುಹೋಗುಗಳನ್ನು ಬರೆದಿಡುವ ಉಚಿತ ಭಾಗದ ದೋಷ ಬಯಲಾದಾಗ, ಅದು ತಮ್ಮಲ್ಲಿ ಎಲ್ಲೆಲ್ಲಿ ಅಡಗಿದೆಯೆಂದು ಹುಡುಕುವುದೇ ಅನೇಕ ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು.

ಆರಂಭಕ್ಕೆ ದೊಡ್ಡ ಭಂಡಾರವೇನೂ ಬೇಡ. ಪಾವತಿಯ ಭಾಗವೊಂದನ್ನೇ ಎತ್ತಿಕೊಳ್ಳಿ. ಅದನ್ನು ಬೇರ್ಪಡಿಸಲು ಬೇಕಾದ ದಿನಗಳನ್ನು, ಸೊಸೈಟಿಯ ಕಾರ್ಯದರ್ಶಿಗೆ ಗಡುವು ಹೇಳುವ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಮಸ್ಕಾರ.